ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರು: ಎರಡು ಲಿಪಿಯ ಮನೆಗಳಿಗೆ ಕೆಲವು ಪಾಠ

ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ ಕಾಂಟ್ಯಾಕ್ಟು ಉಜ್ಜುವ ರೈತ, ಔಷಧಿ ಹೊಡೆಯುವ ಪಂಪಿನ ವಾಷರನ್ನು ತಾನೇ ಬದಲಿಸುವ ರೈತ, ಕಂಪ್ಯೂಟರ್ ಎಂದೊಡನೆ ಮಾತ್ರ ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ. "ಅದು ಓದಿದೋರ ಕೆಲಸ ಕಣಪ್ಪ" ಅಂತಾನೆ. ವಾಸ್ತವದಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸುವುದಕ್ಕೆ ಬೇಕಾದದ್ದು ಒಂದು ಸ್ಟಾರ್ ಸ್ಕ್ರೂಡ್ರೈವರು, ಅರ್ಧ ದಿನದ ತಾಳ್ಮೆ, ಬಿಡಿಭಾಗಗಳ ಜೊತೆ ಬರುವ ಪುಸ್ತಕ ಓದುವ ಬುದ್ಧಿ, ಇಷ್ಟೇ. ಎಸ್ಸೆಸ್ಸೆಲ್ಸಿ ಓದಿದ ನಾನು, ಡಿಪ್ಲೊಮಾ ಓದುತ್ತಿರುವ ನನ್ನ ಅಕ್ಕನ ಮಗ, ಇಬ್ಬರೂ ಸೇರಿ ಮಡಕಶಿರಾ ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ ಒಂದನ್ನು ಜೋಡಿಸಿದ್ದೇವೆ. ಆ ಕೆಲಸದಲ್ಲಿ ತಿಳಿದದ್ದನ್ನು ಗಡಿಯ ರೈತರು, ವ್ಯಾಪಾರಸ್ಥರ ಮುಂದಿಡುವುದು ಈ ಬರಹದ ಉದ್ದೇಶ.

ನಮಗೇಕೆ ಬೇಕು?

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ನಮ್ಮ ಮಡಕಶಿರಾ ಅನಂತಪುರ ಜಿಲ್ಲೆಯಲ್ಲೇ ಇತ್ತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ನಕ್ಷೆ ಹೇಗೇ ಬದಲಾಗಲಿ, ಇಲ್ಲಿನ ಮನೆಗಳಿಗೆ ಕಾಗದ ಬರುವುದು ಎರಡು ಲಿಪಿಯಲ್ಲಿ. ಗೆರೆಯಾಚೆ ಪಾವಗಡ, ಶಿರಾ, ಮಧುಗಿರಿ ಕಡೆ ಎರಡೆಕರೆ ಇದ್ದವನಿಗೆ 'ಭೂಮಿ'ಯ ಪಹಣಿ ಕನ್ನಡದಲ್ಲಿ. ಈಚೆಯ ಜಮೀನಿಗೆ 'ಮೀ ಭೂಮಿ'ಯ ಅಡಂಗಲ್, 1-ಬಿ ತೆಲುಗಿನಲ್ಲಿ. ಲಗ್ನಪತ್ರಿಕೆ ಕನ್ನಡದಲ್ಲಿ ಬೇಕು, ಅಂಗಡಿ ಉದ್ಘಾಟನೆಯ ಕರಪತ್ರ ತೆಲುಗಿನಲ್ಲಿ ಬೇಕು. ಟೌನಿನ ಟೈಪಿಂಗ್ ಅಂಗಡಿಯಲ್ಲಿ ಕನ್ನಡ ಗೊತ್ತಿರುವ ಹುಡುಗ ಸಿಗದಿದ್ದರೆ ಒಂದು ಅರ್ಜಿಗಾಗಿ ಬಸ್ಸು ಹತ್ತಬೇಕು. ನಮ್ಮ ಭಾಷೆಯನ್ನು ನಾವೇ ಅಚ್ಚು ಹಾಕಿಕೊಳ್ಳುವ ಶಕ್ತಿ ನಮ್ಮ ಮನೆಯಲ್ಲೇ ಇರಬೇಕು ಎನ್ನುವುದು ಮೊದಲ ಮಾತು. ಮೊಬೈಲಿನಲ್ಲಿ ನಾಲ್ಕು ಸಾಲು ಬರೆಯಬಹುದು. ನಲವತ್ತು ಪುಟ ಬರೆದು, ತಿದ್ದಿ, ಪ್ರಿಂಟ್ ತೆಗೆಯುವುದಕ್ಕೆ ಕೀಬೋರ್ಡೇ ಬೇಕು.

ಬಿಡಿಭಾಗ ಕೂಡುವುದು ಹೇಗೆ?

1981ರಲ್ಲಿ ಐ.ಬಿ.ಎಂ. ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಬೇರೆಯವರ ಬಿಡಿಭಾಗಗಳಿಂದಲೇ ಕಟ್ಟಿ, ಅದರ ಒಳರಚನೆಯ ವಿವರಗಳನ್ನೂ ಪ್ರಕಟಿಸಿತು. ಹೀಗಾಗಿ ಯಾರು ಬೇಕಾದರೂ ಅದಕ್ಕೆ ಹೊಂದುವ ಭಾಗ ಮಾಡುವಂತಾಯಿತು. 1995ರಲ್ಲಿ ಇಂಟೆಲ್ ಕಂಪನಿ ಎ.ಟಿ.ಎಕ್ಸ್. ಎಂಬ ಅಳತೆ ತಂದಿತು. ಬೋರ್ಡಿನ ತೂತು ಎಲ್ಲಿರಬೇಕು, ಕರೆಂಟಿನ ಪ್ಲಗ್ಗು ಹೇಗಿರಬೇಕು ಎಂಬುದೆಲ್ಲ ಅದರಲ್ಲಿ ನಿಗದಿಯಾಯಿತು. ನೇಗಿಲು ಒಬ್ಬರದು, ನೊಗ ಒಬ್ಬರದು ಆದರೂ ಅಳತೆ ಸರಿಯಿದ್ದರೆ ಹೂಡಬಹುದಲ್ಲ, ಹಾಗೆಯೇ ಇದು.

ಹಾಗೆಂದು ಎಲ್ಲಕ್ಕೂ ಎಲ್ಲವೂ ಹೊಂದುವುದಿಲ್ಲ. ಪ್ರೊಸೆಸರ್ ಕೂರುವ ಸಾಕೆಟ್ಟು ಬೇರೆ ಬೇರೆ. ಎ.ಎಂ.ಡಿ. ಕಂಪನಿಯ ಎ.ಎಂ.4 ಸಾಕೆಟ್ಟಿನ ಬೋರ್ಡಿಗೆ ಡಿ.ಡಿ.ಆರ್.4 ರ‍್ಯಾಮ್, ಎ.ಎಂ.5 ಬೋರ್ಡಿಗೆ ಡಿ.ಡಿ.ಆರ್.5 ರ‍್ಯಾಮ್. ಇಂಟೆಲ್‌ನ ಎಲ್.ಜಿ.ಎ. 1700 ಸಾಕೆಟ್ಟಿಗೆ ಎರಡು ಬಗೆಯ ಬೋರ್ಡೂ ಉಂಟು, ಆದರೆ ಒಂದು ಬೋರ್ಡಿಗೆ ಸಾಮಾನ್ಯವಾಗಿ ಒಂದೇ ಬಗೆಯ ರ‍್ಯಾಮ್. ಎರಡರ ಕಚ್ಚೂ ಬೇರೆ ಜಾಗದಲ್ಲಿರುವುದರಿಂದ ಒತ್ತಿದರೆ ಮುರಿಯುತ್ತದೆಯೇ ಹೊರತು ಕೂರುವುದಿಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗ ಇರುವುದಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕು. ಅರ್ಜಿ ಬರೆಯುವವನಿಗೆ, ಲೆಕ್ಕ ಬರೆಯುವವನಿಗೆ ಆ ಖರ್ಚು ಬೇಡ.

ರ‍್ಯಾಮ್ ವಿಚಾರದಲ್ಲಿ ಹುಡುಗ ಹೇಳಿದ ಮಾತು ನನಗೆ ಹಿಡಿಸಿತು. "ಮಾವ, 16 ಜಿ.ಬಿ.ದು ಒಂದು ತಗಳೋದಕ್ಕಿಂತ 8ರದು ಎರಡು ತಗಳಾಣ. ಜೋಡೆತ್ತು ಇದ್ದಂಗೆ, ಎರಡೂ ಒಟ್ಟಿಗೆ ಎಳೀತಾವೆ" ಅಂದ. ನಾಲ್ಕು ಕಂಡಿ ಇರುವ ಬೋರ್ಡಿನಲ್ಲಿ ಆ ಎರಡನ್ನು ಅಕ್ಕಪಕ್ಕದಲ್ಲಲ್ಲ, ಒಂದು ಬಿಟ್ಟು ಒಂದರಲ್ಲಿ, ಪುಸ್ತಕ ಹೇಳಿದ ಕಡೆ ಹಾಕಬೇಕು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳೇ ಮಾಲನ್ನೆಲ್ಲ ಎತ್ತಿಕೊಂಡದ್ದು ಅದಕ್ಕೆ ಮುಖ್ಯ ಕಾರಣ. ಕಡ್ಲೆಕಾಯಿ ಧಾರಣೆ ನೋಡಿ ಮಾರುವ ನಾವು ರ‍್ಯಾಮ್ ಧಾರಣೆಯನ್ನೂ ನೋಡಿಯೇ ಕೊಳ್ಳಬೇಕು.

ಸಂತೆಯಲ್ಲಿ ಎಚ್ಚರ

ಬೆಂಗಳೂರಿನ ಎಸ್.ಪಿ. ರಸ್ತೆ ಈ ಸಾಮಾನಿನ ದೊಡ್ಡ ಸಂತೆ. ಹಿಂದೂಪುರದಲ್ಲಿ ರೈಲು ಹತ್ತಿದರೆ ಹೋಗಿ ಸಂಜೆಗೆ ಬರಬಹುದು. ಮೂರು ಅಂಗಡಿ ಕೇಳದೆ ಯಾವುದನ್ನೂ ಕೊಳ್ಳಬೇಡಿ. ಒಂದು ಅಂಗಡಿಯಲ್ಲಿ "ಬಿಲ್ಲು ಬ್ಯಾಡ ಅಂದ್ರೆ ಟ್ಯಾಕ್ಸು ಬಿಡ್ತೀವಿ ಯಜಮಾನ್ರೇ" ಎಂದರು. ಈ ಸಾಮಾನಿಗೆ ಜಿ.ಎಸ್.ಟಿ. ಶೇಕಡಾ 18, ಉಳಿದರೆ ಉಳಿಯಲಿ ಎಂದು ಯಾರಿಗಾದರೂ ಆಸೆಯಾಗುತ್ತದೆ. ಆದರೆ ಕೆಟ್ಟಾಗ ಕಂಪನಿ ಕೇಳುವುದು ಬಿಲ್ಲನ್ನೇ. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ. ಡಬ್ಬಿಯಿಲ್ಲದೆ 'ಟ್ರೇ' ಎಂದು ಅಗ್ಗಕ್ಕೆ ಕೊಡುವುದಕ್ಕೆ ಅಂಗಡಿಯವರ ಮಾತೇ ಗ್ಯಾರಂಟಿ. ನಾವು ಬಿಲ್ಲು ಹಾಕಿಸಿಕೊಂಡೇ ಬಂದೆವು.

ಇನ್ನೊಂದು ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಇಂಟೆಲ್ ಆದರೆ ಎಂಟನೇ ತಲೆಮಾರಿನದೋ, ಅದಕ್ಕಿಂತ ಹೊಸದೋ ಎಂದು ಕೇಳಿ. ಬರೀ ಬರವಣಿಗೆಗೆ ಬೇಕಾದರೆ ಹಳೆಯದಕ್ಕೆ ಲಿನಕ್ಸ್ ಹಾಕಿಕೊಳ್ಳಬಹುದು, ಅದಕ್ಕೆ ದುಡ್ಡಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಡುವ ಮಂಡಿ ವ್ಯಾಪಾರಿಗಳಿಗೆ ವಿಂಡೋಸೇ ಬೇಕು.

ಕರೆಂಟಿನ ಪಾಠ

ಹಳ್ಳಿಯಲ್ಲಿ ಕಂಪ್ಯೂಟರಿಗೆ ಮೊದಲ ಶತ್ರು ಕರೆಂಟು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್.ಎಂ.ಪಿ.ಎಸ್. ನಂಬಬೇಡಿ. ಅದು ಗೋಡೆಯ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆ. ಅದು ಹಾಳಾಗುವಾಗ ಬೋರ್ಡನ್ನೂ ಎಳೆದುಕೊಂಡು ಹೋಗಬಹುದು. '80 ಪ್ಲಸ್' ಗುರುತಿರುವ 450 ವ್ಯಾಟಿನದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆ ಕಂಪ್ಯೂಟರಿಗೆ ಧಾರಾಳ ಸಾಕು. ಪ್ರೊಸೆಸರಿನಲ್ಲಿ ಉಳಿಸಿಯಾದರೂ ಇದಕ್ಕೆ ಹಾಕಿ.

ಯು.ಪಿ.ಎಸ್. ಮೇಲೆ 600 ವಿ.ಎ. ಎಂದಿದ್ದರೆ ಅದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು. ಕರೆಂಟು ಹೋದಾಗ ಬರೆದದ್ದನ್ನು ಉಳಿಸಿ ಆಫ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು, ರಾತ್ರಿಯೆಲ್ಲ ನಡೆಯಲೆಂದು ಅದು ಇರುವುದಲ್ಲ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬಾರದು, ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಎಲ್ಲಕ್ಕಿಂತ ಮೊದಲು ಮನೆಗೆ ಅರ್ತಿಂಗ್ ಇದೆಯೇ ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುವ ಮನೆಗಳಲ್ಲಿ ತಪ್ಪು ಬಹುಮಟ್ಟಿಗೆ ಕಂಪ್ಯೂಟರಿನದಲ್ಲ, ಅರ್ತ್ ತಂತಿಯದು. ಮುಂಗಾರಿನ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಿ.

ಕೈಕೆಲಸ

ಕೆಲಸಕ್ಕೆ ಕೂರುವ ಮೊದಲು ಬರೀ ಕೈಯಿಂದ ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ಒಣಗಾಳಿಯ ದಿನ ಪಾಲಿಯೆಸ್ಟರ್ ಹಾಸಿನ ಮೇಲೆ ಬೋರ್ಡ್ ಇಡಬೇಡಿ. ಅದು ಬಂದ ರಟ್ಟಿನ ಡಬ್ಬಿಯೇ ಒಳ್ಳೆಯ ಮಣೆ. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಳಿಯಬಿಟ್ಟರೆ ತಾನೇ ಕೂರುತ್ತದೆ, ಒತ್ತಬಾರದು. ಅದರ ಮೇಲೆ ಥರ್ಮಲ್ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು ಸಾಕು. ಫ್ಯಾನಿನ ತಳದಲ್ಲಿ ಮೊದಲೇ ಹಚ್ಚಿದ್ದರೆ ಅದೂ ಬೇಡ. ಕ್ಯಾಬಿನೆಟ್ಟಿನೊಳಗೆ ತುರುಕುವ ಮೊದಲು ಹೊರಗೇ ಒಮ್ಮೆ ಚಾಲೂ ಮಾಡಿ ನೋಡುವುದು ಜಾಣತನ.

ಚಾಲೂ ಆಗದಿದ್ದರೆ ಮೊದಲು ನೋಡಬೇಕಾದ್ದು ಕರೆಂಟಿನ ಎರಡು ಪ್ಲಗ್ಗು: ಬೋರ್ಡಿಗೆ 24 ಪಿನ್ನಿನದು, ಪ್ರೊಸೆಸರಿಗೆ 8 ಪಿನ್ನಿನದು. ಎರಡನೆಯದನ್ನು ಮರೆತವರೇ ಹೆಚ್ಚು. ಆಮೇಲೆ ರ‍್ಯಾಮ್ ತೆಗೆದು ಮತ್ತೆ ಟಕ್ ಎನ್ನುವವರೆಗೆ ಕೂರಿಸಿ. ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನಲ್ಲಿರುವ ಸಿ.ಆರ್. 2032 ಬಿಲ್ಲೆ ಸೆಲ್ ಬದಲಿಸಿ. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಮುಚ್ಚಳ ತೆಗೆದು ಬ್ರಷ್ಷಿನಿಂದ ಧೂಳು ಹೊಡೆಯಿರಿ. ಇಷ್ಟು ಗೊತ್ತಿದ್ದರೆ ರಿಪೇರಿಯವನ ಬಾಗಿಲಿಗೆ ಅರ್ಧಕ್ಕರ್ಧ ಸಲ ಹೋಗಬೇಕಿಲ್ಲ.

ಅಕ್ಷರದ ಪಾಠ

ಕಬ್ಬಿಣ ಮುಗಿಯಿತು, ಇನ್ನು ಅಕ್ಷರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದ ಕಡತವನ್ನು ಆ ಫಾಂಟು ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದಕ್ಕೇ ಈಗ ಏನು ಬರೆದರೂ ಯೂನಿಕೋಡ್‌ನಲ್ಲೇ ಬರೆಯಬೇಕು. ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ನಂಬರು ಕೊಟ್ಟಿದೆ. ತೆಲುಗಿನ 'ಕ'ಕಾರಕ್ಕೆ 3093, ಕನ್ನಡದ 'ಕ'ಕಾರಕ್ಕೆ 3221. ವ್ಯತ್ಯಾಸ 128. 'ಮ' ತೆಗೆದುಕೊಂಡರೂ ಅದೇ 128. ತೆಲುಗಿನ ಕೇರಿ ಮುಗಿದ ಕೂಡಲೇ ಕನ್ನಡದ ಕೇರಿ, ನಡುವೆ ಒಂದು ಮನೆಯೂ ಇಲ್ಲ.

ಸರ್ಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲೂ ಎರಡು ಭಾಷೆಗೆ ಬೆರಳಿನ ಜಾಗ ಒಂದೇ. ಇಂಗ್ಲಿಷಿನ 'ಕೆ' ಕೀಲಿ ಒತ್ತಿದರೆ ಕನ್ನಡದಲ್ಲೂ 'ಕ', ತೆಲುಗಿನಲ್ಲೂ 'ಕ'. ಒಮ್ಮೆ ಕಲಿತರೆ ಎರಡೂ ಕಲಿತಂತೆ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನ್ನಂಥವನಿಗೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ವಿಂಡೋಸ್ ಎಕ್ಸ್.ಪಿ. ಕಾಲದಲ್ಲಿ ಕನ್ನಡಕ್ಕೆ ಕೊಟ್ಟ ಫಾಂಟಿನ ಹೆಸರು ತುಂಗಾ, ತೆಲುಗಿಗೆ ಕೊಟ್ಟದ್ದು ಗೌತಮಿ. ನಮ್ಮ ಒಣ ನೆಲಕ್ಕೆ ಎರಡು ಹೊಳೆಯೂ ಹರಿಯಲಿಲ್ಲ, ಗಾಜಿನ ಪರದೆಯ ಮೇಲಾದರೂ ಹರಿದವು!

ಕೊನೆಯದಾಗಿ, ಬರೆದದ್ದನ್ನು ಒಂದೇ ಕಡೆ ಇಡಬೇಡಿ. ಬಿತ್ತನೆ ಬೀಜವನ್ನು ಎರಡು ವಾಡೆಯಲ್ಲಿ ತುಂಬಿಡುತ್ತಿದ್ದರು ಹಿರಿಯರು. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಪೆನ್‌ಡ್ರೈವಿನಲ್ಲೋ ಬೇರೆ ಡಿಸ್ಕಿನಲ್ಲೋ ಇನ್ನೊಂದು ಪ್ರತಿ ಇರಲಿ. ಯಂತ್ರ ಕೆಟ್ಟರೆ ಎಸ್.ಪಿ. ರಸ್ತೆಯಲ್ಲಿ ಮತ್ತೊಂದು ಸಿಗುತ್ತದೆ. ಅಜ್ಜಿಯ ಬಾಯಿಂದ ಕೇಳಿ ಬರೆದಿಟ್ಟ ಹಾಡು, ಮೂವತ್ತು ವರ್ಷದ ಮಳೆ ಲೆಕ್ಕ, ಎರಡು ರಾಜ್ಯದ ಜಮೀನಿನ ಕಾಗದ, ಇವು ಯಾವ ಸಂತೆಯಲ್ಲೂ ಸಿಗುವುದಿಲ್ಲ.