ಹೆರಿಗೆಯ ವೆಚ್ಚ ಮತ್ತು ಆರೋಗ್ಯ ವಿಮೆ

ಕೃಷ್ಣರಾಜನಗರದಿಂದ ಹೊಳೆನರಸೀಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಭೇರ್ಯ ಎಂಬ ಊರಿದೆ. ಭತ್ತಕ್ಕೆ ಹೆಸರಾದ ಈ ಸೀಮೆಯಲ್ಲಿ ಮಗಳ ಚೊಚ್ಚಲ ಹೆರಿಗೆಯು ತವರಿನಲ್ಲಿಯೇ ಆಗಬೇಕೆಂಬುದು ಹಿಂದಿನಿಂದ ನಡೆದುಬಂದ ರೂಢಿ. ಹೆರಿಗೆಯು ಮನೆಯೊಳಗೇ ನಡೆಯುತ್ತಿದ್ದ ಕಾಲದಲ್ಲಿ ಸೂಲಗಿತ್ತಿಗೆ ಅಕ್ಕಿ, ಬೆಲ್ಲ, ಒಂದು ಸೀರೆ ಕೊಟ್ಟರೆ ತವರಿನವರ ಋಣ ತೀರುತ್ತಿತ್ತು. ಆದರೆ ಆ ಅಗ್ಗದ ಹೆರಿಗೆಗೆ ಎಷ್ಟೋ ತಾಯಂದಿರು ಪ್ರಾಣವನ್ನೇ ಬೆಲೆಯಾಗಿ ತೆತ್ತರು. ಈಗ ಕಾಲ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಜೀವಭಯವು ಕಡಿಮೆಯಾದಂತೆ ಹಣದ ಚಿಂತೆಯು ಮುಂದೆ ಬಂದಿದೆ.

ಈ ಹಣವನ್ನು ವಿಮೆಯು ಕೊಡಲಾರದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇದಕ್ಕೆ ಉತ್ತರ ತಿಳಿಯಬೇಕಾದರೆ ವಿಮೆಯ ಮೂಲತತ್ತ್ವವನ್ನು ಅರಿಯಬೇಕು. ಸಾವಿರ ಜನರು ವರ್ಷಕ್ಕೆ ಸ್ವಲ್ಪ ಸ್ವಲ್ಪ ಹಣವನ್ನು ಒಂದು ನಿಧಿಗೆ ಸೇರಿಸುತ್ತಾರೆ. ಅವರಲ್ಲಿ ಕೆಲವರಿಗೆ ಅನಿರೀಕ್ಷಿತವಾಗಿ ಆಪತ್ತು ಒದಗಿದಾಗ ಆ ನಿಧಿಯಿಂದ ನೆರವು ಸಿಗುತ್ತದೆ. ಯಾರ ಮನೆಗೆ ಬೆಂಕಿ ಬೀಳುವುದೆಂದು ಮೊದಲೇ ತಿಳಿಯದಿರುವುದೇ ಈ ಏರ್ಪಾಟಿನ ಆಧಾರ. ಬಸಿರಾದರೋ ತಿಂಗಳುಗಳ ಮೊದಲೇ ತಿಳಿಯುವ ಸಂಗತಿ. ಬಸಿರೆಂದು ತಿಳಿದ ಮೇಲೆ ಕಂತು ಕಟ್ಟಿ, ಹೆರಿಗೆಯ ಖರ್ಚನ್ನು ಪಡೆದು, ಮರುವರ್ಷ ಕಂತು ನಿಲ್ಲಿಸಿಬಿಟ್ಟರೆ ನಿಧಿಯು ಬರಿದಾಗುತ್ತದೆ. ಆದುದರಿಂದಲೇ ಖಾಸಗಿಯಾಗಿ ಕೊಳ್ಳುವ ಸಾಮಾನ್ಯ ಆರೋಗ್ಯ ವಿಮೆಯ ಪತ್ರಗಳು ಹೆರಿಗೆಯನ್ನು ಬಹುಮಟ್ಟಿಗೆ ಹೊರಗಿಡುತ್ತವೆ. ಶಸ್ತ್ರಚಿಕಿತ್ಸೆಯ ಹೆರಿಗೆಯೂ ಈ ಹೊರಗಿಡುವಿಕೆಯಲ್ಲಿ ಸೇರುತ್ತದೆ. ಗರ್ಭಕೋಶದ ಹೊರಗೆ ನಿಂತ ಗರ್ಭಕ್ಕೆ ಮಾತ್ರ ವಿನಾಯಿತಿ ಉಂಟು, ಏಕೆಂದರೆ ಅದು ಯಾರೂ ಊಹಿಸಲಾಗದ ಅಪಾಯ. ಹೆರಿಗೆಯನ್ನು ಒಳಗೊಳ್ಳುವ ಪತ್ರಗಳೂ ಇವೆ. ಅವು ಹೆಚ್ಚು ಕಂತನ್ನು ಕೇಳುತ್ತವೆ, ಹಲವು ತಿಂಗಳಿಂದ ಹಲವು ವರ್ಷಗಳವರೆಗೆ ಕಾಯಬೇಕೆನ್ನುತ್ತವೆ, ಕೊಡುವ ಹಣಕ್ಕೂ ಮೇಲ್ಮಿತಿಯನ್ನು ಹಾಕುತ್ತವೆ. ಪತ್ರದ ಮುಖಪುಟದಲ್ಲಿ ಲಕ್ಷಗಳ ಮೊತ್ತವನ್ನು ಕಂಡು ಹಿಗ್ಗುವವರು ಒಳಪುಟದ ಸಣ್ಣ ಅಕ್ಷರಗಳನ್ನು ಓದುವುದು ಮೇಲು.

ಕಾರ್ಖಾನೆಗಳಲ್ಲಿ ದುಡಿಯುವವರ ಸ್ಥಿತಿ ಬೇರೆ. 1948ರ ಶಾಸನದ ಮೂಲಕ ರೂಪುಗೊಂಡ ನೌಕರರ ರಾಜ್ಯ ವಿಮಾ ಯೋಜನೆಯು 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ಇಲ್ಲಿ ವಿಮೆಯು ಕಡ್ಡಾಯವಾದುದರಿಂದ, ಬಸಿರಾದಾಗ ಮಾತ್ರ ಸೇರಿಕೊಳ್ಳುವ ಉಪಾಯಕ್ಕೆ ಎಡೆಯಿಲ್ಲ. ಆದಕಾರಣ ಹೆರಿಗೆಗೆ ಧಾರಾಳವಾಗಿ ನೆರವು ನೀಡಲು ಸಾಧ್ಯವಾಯಿತು. 2019ರ ಜುಲೈ ತಿಂಗಳಿನಲ್ಲಿ ನೌಕರರ ಪಾಲನ್ನು ನೂರು ರೂಪಾಯಿ ಕೂಲಿಗೆ 75 ಪೈಸೆಗೆ ಇಳಿಸಲಾಯಿತು. ಚಿಕಿತ್ಸೆಯಷ್ಟೇ ಅಲ್ಲ, 2017ರಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಕೂಲಿಯೂ ದೊರೆಯುವಂತಾಯಿತು. ಆದರೆ ಭೇರ್ಯದ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣಾಳಿಗೆ ಈ ನೆರಳು ಸಿಗದು. ಅವಳ ದಿನಗೂಲಿಯನ್ನು ಯಾವ ಹಾಜರಿ ಪುಸ್ತಕವೂ ಬರೆದಿಟ್ಟಿರುವುದಿಲ್ಲ.

ಅಂತಹವಳಿಗೆ ಒದಗುವುದು ಸರ್ಕಾರದ ನೇರ ವ್ಯವಸ್ಥೆ. 2011ರ ಜೂನ್ 1ರಂದು ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ಯಾವ ತಾಯಿಯೂ ಹಣ ಕೊಡಬೇಕಾಗಿಲ್ಲ. ಔಷಧಿ, ರಕ್ತ, ಪರೀಕ್ಷೆ, ಶಸ್ತ್ರಚಿಕಿತ್ಸೆ ಎಲ್ಲವೂ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಶಸ್ತ್ರಚಿಕಿತ್ಸೆಗೆ ಏಳು ದಿನ ಊಟವನ್ನೂ ಒದಗಿಸಬೇಕು. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಕೊನೆಗೆ ಮನೆಗೆ ವಾಹನವೂ ಇದರಲ್ಲಿ ಸೇರಿದೆ. ಕರ್ನಾಟಕದಲ್ಲಿ 108 ಸಂಖ್ಯೆಯ ವಾಹನಗಳು 2008ರ ನವೆಂಬರ್ ತಿಂಗಳಿನಿಂದಲೇ ಓಡಾಡುತ್ತಿವೆ. ಇದು ವಿಮೆಯಲ್ಲ, ಕಂತಿಲ್ಲ, ಕಾಯುವ ಅವಧಿಯಿಲ್ಲ.

ಹೀಗಿದ್ದರೂ ಉಚಿತವೆಂಬ ಮಾತು ಪೂರ್ಣ ಸತ್ಯವಾಗಿಲ್ಲ. ಮೇಲೆ ಹೇಳಿದ ಸಮೀಕ್ಷೆಯೇ ಭಾರತದಾದ್ಯಂತ ಸರ್ಕಾರಿ ಆಸ್ಪತ್ರೆಯಲ್ಲಾದ ಒಂದು ಹೆರಿಗೆಗೆ ಕುಟುಂಬವು ಸರಾಸರಿ 2,916 ರೂಪಾಯಿಗಳನ್ನು ಕೈಯಿಂದ ಖರ್ಚು ಮಾಡಿತೆಂದು ತಿಳಿಸುತ್ತದೆ. ಒಳಗೆ ಇಲ್ಲದ ಔಷಧಿಯನ್ನು ಹೊರಗಿನ ಅಂಗಡಿಯಿಂದ ತರಬೇಕು. ಸ್ಕ್ಯಾನಿಂಗ್ ಯಂತ್ರವಿಲ್ಲದೆಡೆ ಪೇಟೆಯ ಪ್ರಯೋಗಾಲಯಕ್ಕೆ ಹೋಗಬೇಕು. ಹೆರಿಗೆಯು ಕಷ್ಟವಾಗಿ ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳುಹಿಸಿದರೆ, ಜೊತೆಗೆ ಹೋದ ತಾಯಿಗೆ, ಅತ್ತೆಗೆ ಹೋಟೆಲಿನ ಊಟ, ಬಸ್ಸಿನ ಖರ್ಚು, ತಪ್ಪಿಹೋದ ಕೂಲಿ. ಇವನ್ನು ಯಾವ ರಸೀತಿಯೂ ಕಾಣಿಸುವುದಿಲ್ಲ. ಒಡವೆ ಅಡವಿಟ್ಟ ಮೇಲೆ ಬಡ್ಡಿಯ ರೂಪದಲ್ಲಿ ಮಾತ್ರ ಕಾಣಿಸುತ್ತದೆ.

ಕೈಸಾಲದ ದೊಡ್ಡ ಕಾರಣ ಶಸ್ತ್ರಚಿಕಿತ್ಸೆಯ ಹೆರಿಗೆ. ಕರ್ನಾಟಕದಲ್ಲಿ ಸುಮಾರು ನೂರಕ್ಕೆ 31 ಹೆರಿಗೆಗಳು ಹೀಗೆ ಆಗುತ್ತಿವೆಯೆಂದು ಅದೇ ಸಮೀಕ್ಷೆಯು ಹೇಳುತ್ತದೆ. ಭಯದಿಂದಲೋ ಅವಸರದಿಂದಲೋ ಖಾಸಗಿ ಆಸ್ಪತ್ರೆಯ ಬಾಗಿಲಿಗೆ ಹೋದ ಕುಟುಂಬವು, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಚೀಟಿಯನ್ನು ತೋರಿಸಿದರೆ ಸಾಕೆಂದು ಭಾವಿಸುವುದುಂಟು. 2018ರಲ್ಲಿ ಬಂದ ಈ ಯೋಜನೆಯು ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯನ್ನು ಒದಗಿಸುತ್ತದೆ, ನಿಜ. ಆದರೆ ಅದು ಮೊದಲು ಸರ್ಕಾರಿ ಆಸ್ಪತ್ರೆಯನ್ನೇ ನಂಬಿದೆ. ತುರ್ತು ಸಂದರ್ಭವನ್ನು ಬಿಟ್ಟರೆ, ಅಲ್ಲಿಯ ವೈದ್ಯರ ಶಿಫಾರಸಿಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ಸೌಲಭ್ಯ ಸಿಗದು. ಇನ್ನೊಂದು ತೊಡಕೂ ಇದೆ. ಹೊಸದಾಗಿ ಮದುವೆಯಾದವಳ ಹೆಸರು ತವರಿನ ಪಡಿತರ ಚೀಟಿಯಿಂದ ಹೋಗಿ, ಗಂಡನ ಮನೆಯ ಚೀಟಿಗೆ ಇನ್ನೂ ಸೇರದಿದ್ದರೆ, ಅವಳು ಎರಡೂ ಮನೆಗಳ ಲೆಕ್ಕಕ್ಕೆ ಹೊರಗಾಗುತ್ತಾಳೆ. ಹೆರಿಗೆಗೆ ತವರಿಗೆ ಬರುವ ಮುನ್ನ ಈ ಹೆಸರನ್ನು ಸರಿಪಡಿಸಿಕೊಳ್ಳುವುದು ಸೀಮಂತದ ಹೂವಿಗಿಂತ ಅಗತ್ಯವಾದ ಕೆಲಸ. ತಾಯಿ ಕಾರ್ಡನ್ನೂ ಜೊತೆಯಲ್ಲಿ ತರಬೇಕು. ಹಿಂದಿನ ತಪಾಸಣೆಗಳ ವಿವರವೆಲ್ಲ ಇರುವುದು ಅದರಲ್ಲಿ.

ಸಹಕಾರ ಸಂಘಗಳ ಸದಸ್ಯರಿಗೆ ಮತ್ತೊಂದು ದಾರಿಯುಂಟು. 2003ರಲ್ಲಿ ತಿಂಗಳಿಗೆ ಐದು ರೂಪಾಯಿಯ ಕಂತಿನಿಂದ ಆರಂಭವಾದ ಯಶಸ್ವಿನಿ ಯೋಜನೆಯು 2018ರಲ್ಲಿ ನಿಂತು, 2023ರ ಜನವರಿಯಲ್ಲಿ ಮರಳಿ ಬಂದಿತು. ಗೊತ್ತುಪಡಿಸಿದ ಅವಧಿಯೊಳಗೆ ಹೆಸರು ನೋಂದಾಯಿಸಿದವರಿಗಷ್ಟೇ ಅದು ಅನ್ವಯಿಸುತ್ತದೆ. ನೋವು ಬಂದ ರಾತ್ರಿ ಸಂಘದ ಕಾರ್ಯದರ್ಶಿಯನ್ನು ಎಬ್ಬಿಸಿದರೆ ಫಲವಿಲ್ಲ.

ಹುಟ್ಟಿದ ಕೂಸಿನ ಖರ್ಚು ತಾಯಿಯ ಖರ್ಚಿಗಿಂತ ಬೇರೆ. ತಿಂಗಳು ತುಂಬದೆ ಹುಟ್ಟಿದ ಮಗುವು ವಾರಗಟ್ಟಲೆ ಆರೈಕೆಯಲ್ಲಿರಬೇಕಾದೀತು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಮೊದಲು ಮೂವತ್ತು ದಿನಗಳವರೆಗೆ ಮಾತ್ರ ಕಾಯಿಲೆಯ ಕೂಸಿಗೆ ಉಚಿತ ಚಿಕಿತ್ಸೆಯನ್ನು ವಿಧಿಸಿತ್ತು. ಅನಂತರ ಅದನ್ನು ಮಗುವಿಗೆ ಒಂದು ವರ್ಷ ತುಂಬುವವರೆಗೂ ವಿಸ್ತರಿಸಲಾಯಿತು.