ಟ್ರೈಲರ್ ಎಳೆಯುವ ಪಿಕಪ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಪಿಕಪ್ ಕೊಳ್ಳಲು ಹೋದ ಬೆಳೆಗಾರರು ಏಜೆಂಟರಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಭಾರ ಎಳೆಯುತ್ತದೆ?" ಎಂಬುದು. ಘಟ್ಟ ಹತ್ತಿ ಇಳಿಯುವ ನಮಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಎಳೆದ ಭಾರವನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸುತ್ತದೆಯೇ? ಏರು ಹತ್ತಲಾರದ ಗಾಡಿ ನಡುದಾರಿಯಲ್ಲಿ ನಿಂತೀತು, ಅಷ್ಟೆ. ಇಳಿಯುವಾಗ ನಿಲ್ಲಲಾರದ ಗಾಡಿಯ ವಿಷಯ ಹಾಗಲ್ಲ.

50 ಕಿಲೋದ 40 ಚೀಲ ಒಣ ಕಾಫಿ ಎಂದರೆ 2 ಟನ್. ಟ್ರೈಲರಿನ ಸ್ವಂತ ತೂಕ 500 ಕಿಲೋ ಎಂದಿಟ್ಟುಕೊಂಡರೆ ಒಟ್ಟು ಎರಡೂವರೆ ಟನ್. 10 ಅಡಿಗೆ 1 ಅಡಿ ಇಳಿಯುವ ರಸ್ತೆಯಲ್ಲಿ ಇದು ಸುಮಾರು 250 ಕಿಲೋ ಭಾರದಷ್ಟು ಬಲದಿಂದ ಪಿಕಪ್ಪನ್ನು ಹಿಂದಿನಿಂದ ದೂಡುತ್ತಲೇ ಇರುತ್ತದೆ. ಟ್ರೈಲರಿಗೆ ಬ್ರೇಕ್ ಇಲ್ಲದಿದ್ದರೆ ಅಷ್ಟನ್ನೂ ಪಿಕಪ್ಪೇ ತಡೆಯಬೇಕು. ಆಗುಂಬೆ, ಚಾರ್ಮಾಡಿಯಂತಹ ಘಟ್ಟಗಳಲ್ಲಿ ಬ್ರೇಕ್ ಕಾದು ಕಾದು ಹಿಡಿತ ಬಿಡುತ್ತದೆ. ತೇವ ಹೀರಿದ ಹಳೆಯ ಬ್ರೇಕ್ ಎಣ್ಣೆಯಾದರೆ ಬಿಸಿಗೆ ಕುದಿದು ಪೆಡಲ್ ನೆಲ ಮುಟ್ಟುವುದೂ ಉಂಟು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಜಾಣರಿಗೆ ಏನು ಹೇಳೋಣ!

ಒಂದು ಉದಾಹರಣೆ ನೋಡಿ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮಾರುವ ಇಸುಜು ಡಿ-ಮ್ಯಾಕ್ಸ್ ಪಿಕಪ್ಪಿನ ಎಳೆಯುವ ಮಿತಿ 3,500 ಕಿಲೋ ಎಂದು ತಯಾರಕರು ಹೇಳುತ್ತಾರೆ. ಅದು ಬ್ರೇಕ್ ಉಳ್ಳ ಟ್ರೈಲರಿಗೆ. ಬ್ರೇಕ್ ಇಲ್ಲದ ಟ್ರೈಲರಾದರೆ ಅದೇ ಗಾಡಿಗೆ 750 ಕಿಲೋ ಮಾತ್ರ. ಎಂಜಿನ್ ಬದಲಾಗಿಲ್ಲ, ಚಾಸಿಸ್ ಬದಲಾಗಿಲ್ಲ. ಆದುದರಿಂದ ಏಜೆಂಟರಲ್ಲಿ ಎರಡೂ ಅಂಕಿಗಳನ್ನು ಕೇಳಿ, ಇಲ್ಲಿ ಮಾರುವ ಮಾದರಿಯ ಕೈಪಿಡಿಯಲ್ಲೇ ತೋರಿಸಲು ಹೇಳಿ. ಕೈಪಿಡಿಯಲ್ಲಿ ಅಂತಹ ಮಿತಿಯೇ ಇಲ್ಲದಿದ್ದರೆ ಆ ಗಾಡಿಗೆ ಭಾರದ ಟ್ರೈಲರ್ ಕಟ್ಟುವ ಯೋಚನೆ ಬಿಡುವುದು ಲೇಸು.

ಟ್ರೈಲರ್ ಮುಂದಕ್ಕೆ ದೂಡಿದಾಗ ಆ ಒತ್ತಡದಿಂದಲೇ ತನ್ನ ಚಕ್ರಗಳಿಗೆ ಬ್ರೇಕ್ ಹಾಕಿಕೊಳ್ಳುವ ಏರ್ಪಾಡು ಇದೆ. ಹೆಚ್ಚಿನ ಹಾರ್ಸ್‌ಪವರಿಗೆ ಕೊಡುವ ಹಣವನ್ನು ಇದಕ್ಕೆ ಕೊಡಬಹುದು. ನಾಲ್ಕು ಚಕ್ರದ ಚಾಲನೆಯೂ ಅದರ ಜೊತೆಗಿನ ಲೋ ಗೇರೂ ಇದ್ದರೆ ಇನ್ನೂ ಒಳ್ಳೆಯದು. ಕಡಿದಾದ ತೋಟದ ದಾರಿಯಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಭಾರ ಹೇರುವ ರೀತಿ ಎತ್ತಿನ ಗಾಡಿ ಹೂಡಿದವರಿಗೆ ಹೊಸದಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕುತ್ತಿಗೆ ಸೋಲುತ್ತದೆ. ನಡುವೆ ಅಚ್ಚಿರುವ ಟ್ರೈಲರಿನ ಒಟ್ಟು ತೂಕದ ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು. ಹಿಂಭಾರವಾದರೆ ವೇಗದಲ್ಲಿ ಹಾವಿನಂತೆ ಹೊರಳಾಡಿ ಪಿಕಪ್ಪಿನ ಹಿಂಬದಿಯನ್ನೂ ಎಳೆದೊಯ್ಯುತ್ತದೆ. ನಮ್ಮ ಲೆಕ್ಕದಲ್ಲಿ ಕೊಂಡಿಯ ಮೇಲೆ ಬೀಳುವುದು 250 ಕಿಲೋ. ಪಿಕಪ್ ಹೊರುವ ಭಾರದಿಂದ ಇದನ್ನು ಕಳೆಯಬೇಕೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಕೊಂಡಿಯನ್ನು ಬಂಪರಿಗೆ ಬೆಸೆಯದೆ ಚಾಸಿಸ್ಸಿಗೇ ಬೋಲ್ಟ್ ಮಾಡಿಸಿ, ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡವಾಗಿ ಹಾಕಿ.

ಪೇಟೆಯ ಸಮತಟ್ಟು ರಸ್ತೆಯಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯದು. ಕೈಪಿಡಿಯ ಮಿತಿಯೊಳಗೆ ಭಾರ ಕಟ್ಟಿ ನಿಮ್ಮ ತೋಟದ ದಿಣ್ಣೆಗೇ ತನ್ನಿ. ಏರಿನ ನಡುವೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ, ಮತ್ತೆ ಹೊರಡುತ್ತದೆಯೇ ನೋಡಿ. ಟ್ರೈಲರಿಗೂ ನೋಂದಣಿ ಬೇಕು, ವಿಮೆಯಲ್ಲಿ ಅದು ಸೇರಿರಬೇಕು. ಚೀಲಗಳ ಮೇಲೆ ಆಳುಗಳನ್ನು ಕೂರಿಸುವ ರೂಢಿಯನ್ನಂತೂ ಇಂದೇ ನಿಲ್ಲಿಸಿ.

ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಘಟ್ಟ ಇಳಿಯುವವರು ಇಷ್ಟೆಲ್ಲ ಖರ್ಚು ಮಾಡುವ ಮೊದಲು ಲಾರಿ ಬಾಡಿಗೆಯನ್ನೂ ವಿಚಾರಿಸಲಿ. ತೋಟದೊಳಗಿನ ಸಾಗಾಣಿಕೆಗೆ ಇರುವ ಟ್ರ್ಯಾಕ್ಟರೇ ಸಾಕು.