ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಒಂದು ಪ್ರಿಂಟರ್ ಪ್ರಸಂಗ



ಆಮದು-ರಫ್ತಿನ ಅರ್ಜಿಗಳನ್ನು ಕಂಪ್ಯೂಟರ್ ಮೂಲಕವೇ ಸಲ್ಲಿಸುವ ಟ್ರೇಡ್‌ನೆಟ್ ವ್ಯವಸ್ಥೆ ಸಿಂಗಪುರದಲ್ಲಿ ಶುರುವಾದದ್ದು 1989ರಲ್ಲಿ. 2021ರ ಕಾನೂನು ತಿದ್ದುಪಡಿಯ ನಂತರ ಹಡಗಿನ ಬಿಲ್ ಆಫ್ ಲೇಡಿಂಗ್ ಕೂಡ ಎಲೆಕ್ಟ್ರಾನಿಕ್ ರೂಪದಲ್ಲಿರಬಹುದು ಎಂದಾಯಿತು. ಇಷ್ಟೆಲ್ಲ ಆದರೂ, ನಾನು ಲೆಕ್ಕಪತ್ರ ನೋಡಿಕೊಳ್ಳುವ ಪುಟ್ಟ ಶಿಪ್ಪಿಂಗ್ ಕಚೇರಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಪ್ರಿಂಟರ್ ನಿಂತರೆ ಎಲ್ಲರ ಕೈಯೂ ನಿಲ್ಲುತ್ತದೆ. ಪ್ಯಾಕಿಂಗ್ ಲಿಸ್ಟ್ ಬೇಕು, ಡೆಲಿವರಿ ಆರ್ಡರ್ ಬೇಕು, ಕೆಳಗೆ ಲಾರಿ ಡ್ರೈವರ್ ಕಾಯುತ್ತಿರುತ್ತಾರೆ!

ಕಳೆದ ವರ್ಷ ಸುಮಾರು ಎರಡು ತಿಂಗಳು ನಮಗೆ ಇದೇ ಗೋಳು. ಕಂಪ್ಯೂಟರ್ ಪರದೆಯ ಮೇಲೆ 'ಪ್ರಿಂಟರ್ ಆಫ್‌ಲೈನ್' ಎಂದು ಬರುತ್ತದೆ. ಎದ್ದು ಹೋಗಿ ನೋಡಿದರೆ ಪ್ರಿಂಟರ್ ಹಸಿರು ದೀಪ ಹಚ್ಚಿಕೊಂಡು ಆರಾಮಾಗಿ ಕೂತಿರುತ್ತದೆ! ಸರ್ವಿಸ್‌ನವರು ಬಂದು ಒಂದೊಂದೇ ಕಂಪ್ಯೂಟರಿನಲ್ಲಿ ಏನೋ ಸರಿಮಾಡಿ ಹೋಗುತ್ತಿದ್ದರು. ಒಂದೆರಡು ವಾರ ಸುಖ, ಮತ್ತೆ ಅದೇ ರಾಗ. ಕೊನೆಗೆ 'ಹೊಸದು ತೆಗೆದುಕೊಳ್ಳುವುದೇ ವಾಸಿ' ಎಂಬ ಸಲಹೆಯೂ ಬಂತು.

ಇದರ ನಡುವೆ ಎಲ್ಲರ ಕಣ್ಣು ಬಿದ್ದದ್ದು ನಮ್ಮ ಫ್ರಂಟ್ ಡೆಸ್ಕಿನ ಆಂಟಿಯ ಮೇಲೆ. (ಇಲ್ಲಿ ಐವತ್ತು ದಾಟಿದ ಹೆಂಗಸರೆಲ್ಲ ಆಂಟಿಯೇ ತಾನೆ!) ಶುಕ್ರವಾರ ಸಂಜೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಹೋಗುವುದು ಅವರ ಕೆಲಸ. ಕರೆಂಟ್ ಉಳಿಸಿ ಎಂದು ಹೇಳಿದ್ದು ಆಡಳಿತದವರೇ. ಆದರೆ ಈಗ 'ಆಂಟಿ ಆಫ್ ಮಾಡಿ ಮಾಡಿ ಪ್ರಿಂಟರ್ ಸ್ಪಾಯಿಲ್ ಆಯಿತು' ಎಂಬ ಮಾತು ಹಬ್ಬಿತ್ತು. ಪಾಪ, ಅವರು ಸೋಮವಾರ ಅರ್ಧ ಗಂಟೆ ಮೊದಲೇ ಬಂದು ಪ್ರಿಂಟರ್ ಮುಂದೆ ಕಾವಲು ಕೂರಲು ಶುರು ಮಾಡಿದ್ದರು. 'ಹೇಳಿದ್ದು ಮಾಡಿದ್ದೇನೆ, ನಾಟ್ ಮೈ ಫಾಲ್ಟ್ ಲಾ' ಎಂದು ನನ್ನ ಬಳಿ ಒಮ್ಮೆ ಕಣ್ಣು ಒರೆಸಿಕೊಂಡರು. ಆ ವರ್ಷದ ಬೋನಸ್ ಮೇಲೂ ಇದರ ನೆರಳು ಬೀಳುತ್ತದೋ ಎಂಬ ಭಯ ಅವರಿಗೆ.

ನಾನು ಐ.ಟಿ.ಯವನಲ್ಲ. ಆದರೂ ಸಿಂಗಪುರದಲ್ಲಿ ಬೆಂಗಳೂರಿನ ಕಡೆಯವನು ಎಂದರೆ ಮುಗಿಯಿತು, ಕಂಪ್ಯೂಟರ್ ಗೊತ್ತಿರಲೇಬೇಕು! ಸರಿ, ಲೆಕ್ಕದವನ ಅಭ್ಯಾಸದಂತೆ ಮೊದಲು ತಾರೀಖು ಬರೆದಿಟ್ಟುಕೊಂಡೆ. ತೊಂದರೆ ಕಾಣಿಸಿಕೊಂಡ ಅಷ್ಟೂ ದಿನ ಸೋಮವಾರ, ಇಲ್ಲವೇ ಸರ್ಕಾರಿ ರಜೆಯ ಮರುದಿನ. ಆದರೆ ಎಲ್ಲ ಸೋಮವಾರವೂ ಅಲ್ಲ. ಸ್ವಿಚ್ ಆರಿಸಿದ್ದರಿಂದಲೇ ಯಂತ್ರ ಕೆಟ್ಟಿದ್ದರೆ, ಅದು ಕೆಲವು ಸೋಮವಾರ ಮಾತ್ರ ಕೆಡುವುದೇಕೆ? ಇನ್ನೊಂದು ವಿಚಿತ್ರ: ಒಂದು ಹೊಸ ಲ್ಯಾಪ್‌ಟಾಪಿನಿಂದ ಮಾತ್ರ ಪ್ರಿಂಟ್ ಎಂದೂ ತಪ್ಪುತ್ತಿರಲಿಲ್ಲ.

ಮುಂದಿನ ಸಲ ನಿಂತಾಗ ಪ್ರಿಂಟರಿನ ಮೆನುವಿನಿಂದಲೇ ಅದರ ನೆಟ್‌ವರ್ಕ್ ವಿವರದ ಹಾಳೆ ತೆಗೆದೆ. ಅದರಲ್ಲಿದ್ದ ಐ.ಪಿ. ವಿಳಾಸದ ಕೊನೆಯ ಅಂಕಿ 37. ನನ್ನ ಕಂಪ್ಯೂಟರಿನಲ್ಲಿ, ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲಿ ಇದ್ದದ್ದು 23. ಕಳ್ಳ ಸಿಕ್ಕಿಬಿದ್ದ!

ಇದನ್ನು ನಮ್ಮ ಬಾಡಿಗೆ ಮನೆಗಳ ಭಾಷೆಯಲ್ಲಿ ಹೇಳಿದರೆ ಸುಲಭ. ನೆಟ್‌ವರ್ಕಿನಲ್ಲಿ ಯಾವ ಯಂತ್ರಕ್ಕೂ ಸಾಮಾನ್ಯವಾಗಿ ಸ್ವಂತ ಮನೆ ಇರುವುದಿಲ್ಲ. ರೂಟರ್ ಎಂಬ ಮಾಲೀಕ ಪ್ರತಿಯೊಂದಕ್ಕೂ ಇಷ್ಟು ಗಂಟೆಗೆಂದು ಒಂದು ವಿಳಾಸ ಕೊಡುತ್ತಾನೆ. ಈ ಪದ್ಧತಿಯ ಹೆಸರು ಡಿ.ಎಚ್.ಸಿ.ಪಿ., ಈಗ ಬಳಕೆಯಲ್ಲಿರುವ ಅದರ ನಿಯಮಾವಳಿ 1997ರದು. ಈ ಕರಾರಿಗೆ ಅವರೂ ಲೀಸ್ ಎಂದೇ ಕರೆಯುತ್ತಾರೆ! ಯಂತ್ರ ಚಾಲೂ ಇದ್ದರೆ ಅವಧಿಯ ಅರ್ಧಕ್ಕೇ ಕೇಳಿಕೊಂಡು ಲೀಸ್ ನವೀಕರಿಸಿಕೊಳ್ಳುತ್ತದೆ. ನಮ್ಮ ರೂಟರಿನಲ್ಲಿ ಅವಧಿ 24 ಗಂಟೆ. ಶುಕ್ರವಾರ ಆರಿದ ಪ್ರಿಂಟರಿನ ಲೀಸ್ ಶನಿವಾರವೇ ಮುಗಿಯುತ್ತದೆ. ಸೋಮವಾರ ಮನೆ ಖಾಲಿಯಿದ್ದರೆ ಹಳೆಯ ವಿಳಾಸವೇ ಸಿಗುತ್ತದೆ. ಅಷ್ಟರೊಳಗೆ ಯಾರದ್ದೋ ಮೊಬೈಲ್ ಬಂದು ಸೇರಿಕೊಂಡಿದ್ದರೆ ಬೇರೆ ಮನೆ. ಕಂಪ್ಯೂಟರುಗಳಿಗೆ ಇದು ತಿಳಿಯುವುದಿಲ್ಲವಲ್ಲ, ಅವು ಹಳೆಯ ವಿಳಾಸಕ್ಕೇ ಹೋಗುತ್ತವೆ. ಸಿಂಗಪುರದ ಆರಂಕಿ ಪೋಸ್ಟಲ್ ಕೋಡಿನಲ್ಲಿ ಒಂದಂಕಿ ತಪ್ಪಾದರೆ ಪಾರ್ಸೆಲ್ ಬೇರೆ ಬ್ಲಾಕಿಗೆ ಹೋಗುತ್ತದಲ್ಲ, ಹಾಗೆ ನಮ್ಮ ಇನ್‌ವಾಯ್ಸುಗಳು ಯಾರದ್ದೋ ಮೊಬೈಲಿನ ಬಾಗಿಲು ತಟ್ಟಿ ವಾಪಸಾಗುತ್ತಿದ್ದವು! ಆ ಹೊಸ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಡಬ್ಲ್ಯೂ.ಎಸ್.ಡಿ. ಪೋರ್ಟ್. ಅದು ವಿಳಾಸ ನೆಚ್ಚಿಕೊಳ್ಳದೆ ಪ್ರಿಂಟರನ್ನು ಹೆಸರು ಕೂಗಿ ಹುಡುಕುತ್ತದೆ.

ಪರಿಹಾರಕ್ಕೆ ಹಿಡಿದದ್ದು ಹದಿನೈದೇ ನಿಮಿಷ. ಪ್ರತಿ ಯಂತ್ರಕ್ಕೂ ಹುಟ್ಟಿನಿಂದಲೇ ಬರುವ ಮ್ಯಾಕ್ ಸಂಖ್ಯೆ ಎಂಬುದೊಂದಿದೆ. ಆಡಳಿತದವರ ಒಪ್ಪಿಗೆ ಪಡೆದು, ರೂಟರಿನ ಪುಟದಲ್ಲಿ ಪ್ರಿಂಟರಿನ ಮ್ಯಾಕ್ ಸಂಖ್ಯೆಯ ಮುಂದೆ ಒಂದು ವಿಳಾಸವನ್ನು ಕಾಯಂ ಕಾದಿರಿಸಿದೆವು. ಎಲ್ಲ ಕಂಪ್ಯೂಟರಿನಲ್ಲೂ ಅದೇ ವಿಳಾಸ ಹಾಕಿದೆವು. ಆಮೇಲೆ ಆಂಟಿ ಎಂದಿನಂತೆ ಶುಕ್ರವಾರ ಸ್ವಿಚ್ ಆರಿಸಿದರು. ಸೋಮವಾರ ಪ್ರಿಂಟ್ ಬಂತು. ಎರಡು ತಿಂಗಳು ನೋಡಿದ ಮೇಲೆ ಮ್ಯಾನೇಜರ್ ಎಲ್ಲರೆದುರು ಆಂಟಿಗೆ 'ಸಾರಿ' ಹೇಳಿದರು. ಹೊಸ ಪ್ರಿಂಟರಿನ ಕೊಟೇಶನ್ ಡ್ರಾಯರ್ ಸೇರಿತು. ಆಂಟಿ ಮರುದಿನ ನಮಗೆಲ್ಲ ಕಾಯಾ ಟೋಸ್ಟ್ ತಂದರು.

ನಿಮ್ಮಲ್ಲೂ ಹೀಗಾದರೆ ಇನ್ನೆರಡು ಕಡೆ ನೋಡಿ. ವಿಂಡೋಸ್‌ನಲ್ಲಿ 'ಯೂಸ್ ಪ್ರಿಂಟರ್ ಆಫ್‌ಲೈನ್' ಎಂಬಲ್ಲಿ ಟಿಕ್ ಬಿದ್ದಿದ್ದರೆ ತೆಗೆಯಿರಿ. ವಿಳಾಸ ಸರಿಯಿದ್ದೂ ಆಫ್‌ಲೈನ್ ಎಂದರೆ, ಪೋರ್ಟ್ ಸೆಟ್ಟಿಂಗಿನಲ್ಲಿರುವ ಎಸ್.ಎನ್.ಎಂ.ಪಿ. ಸ್ಟೇಟಸ್ ಆಯ್ಕೆಯನ್ನು ತೆಗೆದು ನೋಡಿ. 'ಹೇಗಿದ್ದೀಯ?' ಎಂಬ ಆ ಪ್ರಶ್ನೆಗೆ ಉತ್ತರ ಬರದಿದ್ದರೂ ಕಂಪ್ಯೂಟರ್ ಪ್ರಿಂಟರನ್ನು ಸತ್ತಿತೆಂದೇ ತಿಳಿಯುತ್ತದೆ.

ಮನೆಯ ವೈ-ಫೈ ಪ್ರಿಂಟರಿಗೂ ಇದೇ ಮದ್ದು ನಡೆಯುತ್ತದೆ, ಆದರೆ ಇಲ್ಲಿ ಇನ್ನೊಂದು ಸಿಂಗಪುರದ ಕಾಯಿಲೆ ಇದೆ. 1998ರಿಂದೀಚೆಗೆ ಕಟ್ಟಿದ ಎಚ್.ಡಿ.ಬಿ. ಮನೆಗಳಲ್ಲಿ ಬಾಂಬ್ ಶೆಲ್ಟರ್ ಇರುತ್ತದಲ್ಲ, ನಮ್ಮವರೆಲ್ಲ ಅಕ್ಕಿಮೂಟೆ, ಸೂಟ್‌ಕೇಸ್ ತುಂಬುವ ಕೋಣೆ? ಅದರ ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲು ದಾಟಲು ವೈ-ಫೈ ಒದ್ದಾಡುತ್ತದೆ. ಜಾಗ ಉಳಿಸಲೆಂದು ಪ್ರಿಂಟರನ್ನು ಅಲ್ಲಿಟ್ಟಿದ್ದರೆ ಮೊದಲು ಹೊರಗೆ ತಂದು ನೋಡಿ. ಮಕ್ಕಳ ಕನ್ನಡ ಅಭ್ಯಾಸದ ಹಾಳೆ ಭಾನುವಾರ ಬೆಳಿಗ್ಗೆ ಬರದಿದ್ದರೆ, ಅವರನ್ನು 'ನೀನೇ ಏನೋ ಒತ್ತಿದೆ' ಎಂದು ಗದರುವ ಮುನ್ನ ಆ ಎರಡು ವಿಳಾಸಗಳನ್ನು ಹೋಲಿಸಿ ನೋಡೋಣ. ಏನಂತೀರಿ?